ಸಹನೆಯ ತೂಕ

ಸತ್ತೂರಿನ ನಮ್ಮ ಮನೆಯಲ್ಲಿ ಜೋಳದ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಸಾಕು, ನನ್ನ ಪರೀಕ್ಷೆ ಶುರು. ವೈದ್ಯರನ್ನು ಕೇಳಿಯೇ ಕೀಟೋ ಪಥ್ಯ ಹಿಡಿದಿದ್ದೆ. ರೊಟ್ಟಿ, ಅನ್ನ, ಸಕ್ಕರೆ ಇಲ್ಲ. ಮೊಟ್ಟೆ, ಮಾಂಸ, ತುಪ್ಪ, ಸೊಪ್ಪು ಮಾತ್ರ. ಮೊದಲ ವಾರ 3 ಕಿಲೋ ಇಳಿದಾಗ ಬೀಗಿದೆ. ಆಮೇಲೆ ಮೂರು ವಾರ ತೂಕದ ಮುಳ್ಳು ಅಲುಗಲಿಲ್ಲ. ಆ ಸಿಟ್ಟನ್ನು ರೊಟ್ಟಿ ಬಡಿಯುವವಳ ಮೇಲೆ ತೀರಿಸಿದೆ.

ಲೆಕ್ಕ ತಪ್ಪಿದ್ದು ನನ್ನದೇ. ದೇಹ ಕೂಡಿಟ್ಟ 1 ಗ್ರಾಂ ಗ್ಲೈಕೋಜನ್ ಜೊತೆ ಸುಮಾರು 3 ಗ್ರಾಂ ನೀರಿರುತ್ತದೆ. ಮೊದಲು ಹೋದದ್ದು ಬಹುಪಾಲು ಆ ನೀರು. ವರ್ಷಗಟ್ಟಲೆ ಸೇರಿದ ಕೊಬ್ಬು ವಾರದಲ್ಲಿ ಹೋದೀತೇ? 1921ರಲ್ಲಿ ಅಮೆರಿಕದ ವೈದ್ಯ ರಸೆಲ್ ವೈಲ್ಡರ್ ಈ ಪಥ್ಯ ಸೂಚಿಸಿದ್ದು ಸೊಂಟ ಕರಗಿಸಲಿಕ್ಕಲ್ಲ, ಮೂರ್ಛೆರೋಗಿಗಳಿಗಾಗಿ. ಆ ಮಕ್ಕಳ ತಾಯಂದಿರು ಕಾದದ್ದು ಮೂರ್ಛೆ ಬಾರದ ಒಂದು ದಿನಕ್ಕೆ. ಅದರೆದುರು ನನ್ನ ಕಾಯುವಿಕೆ ಎಷ್ಟರದು?

ದಿನಾ ಬೆಳಿಗ್ಗೆ ತೂಕದ ಯಂತ್ರ ಹತ್ತಿ ಕೂಲಿ ಕೇಳುವುದು ಸಬರ್ ಅಲ್ಲ, ವ್ಯಾಪಾರ. ಫಲ ಕಾಣದ ದಿನವೂ ಮಾಡುವುದನ್ನು ಮಾಡುವುದು ಸಬರ್. ದಾರಿ ತಪ್ಪೆನಿಸಿದರೆ ಮತ್ತೆ ವೈದ್ಯರನ್ನು ಕೇಳುವುದೂ ಅದರಲ್ಲೇ ಸೇರಿದೆ. ಹಠ ಬೇರೆ, ಸಹನೆ ಬೇರೆ. ಆದರೆ ಪಕ್ಕದಲ್ಲಿ ಕೂತವರ ಊಟ ಕಹಿ ಮಾಡುವ ಸಹನೆಗೆ ಬೆಲೆಯೇನು?

ಈಗ ವಾರಕ್ಕೊಮ್ಮೆ ಮಾತ್ರ ತೂಗಿಕೊಳ್ಳುತ್ತೇನೆ. ಉಳಿದ ದಿನ ತೂಗುವುದು ನನ್ನ ಮಾತನ್ನು.