ಕೈಫೋನಿನ ಗಂಟೆಯೂ ವ್ರತಿಯ ಸ್ಮೃತಿಯೂ

ಸಾಮಾಯಿಕ ಮತ್ತು ಪ್ರೋಷಧೋಪವಾಸ ಎಂಬ ಎರಡು ಶಿಕ್ಷಾವ್ರತಗಳಿಗೆ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಐದೈದು ಅತಿಚಾರಗಳನ್ನು ಹೇಳಿರುವರಷ್ಟೆ. ಆ ಎರಡು ಪಟ್ಟಿಗಳೂ ಒಂದೇ ಜೋಡಿಯಿಂದ ಮುಗಿಯುತ್ತವೆ: ಅನಾದರ ಮತ್ತು ಸ್ಮೃತ್ಯನುಪಸ್ಥಾನ. ಹಿಡಿದ ವ್ರತವು ನೆನಪಿನಲ್ಲಿ ನಿಲ್ಲದಿರುವುದೇ ಸ್ಮೃತ್ಯನುಪಸ್ಥಾನ. ಹೊಟ್ಟೆ ಬರಿದಾಗಿದ್ದರೂ, ಶರೀರವು ಪದ್ಮಾಸನದಲ್ಲಿ ಕದಲದಿದ್ದರೂ, ನೆನಪು ಜಾರಿತೆಂದರೆ ವ್ರತಕ್ಕೆ ಕಳಂಕ ತಪ್ಪಿದ್ದಲ್ಲ. ಹಾಗಾದರೆ ನೆನಪಿಸುವ ಹೊಣೆಯನ್ನು ಕೈಫೋನಿಗೆ ಒಪ್ಪಿಸಿದ ಶ್ರಾವಕನು ಆ ಅತಿಚಾರದಿಂದ ಪಾರಾದನೋ, ಅಥವಾ ಅದಕ್ಕೆ ಶಾಶ್ವತವಾದ ವಸತಿಯನ್ನೇ ಕಲ್ಪಿಸಿಕೊಟ್ಟನೋ? ನಮ್ಮ ತರುಣ ಶ್ರಾವಕ ಶ್ರಾವಿಕೆಯರಲ್ಲಿ ಅನೇಕರು ಫೋನಿನ ಸಹಾಯದಿಂದಲೇ ಧ್ಯಾನಕ್ಕೆ ಕುಳಿತುಕೊಳ್ಳುತ್ತಿರುವ ಈ ಕಾಲದಲ್ಲಿ ಪ್ರಶ್ನೆಯು ವಿಚಾರಾರ್ಹವಾಗಿದೆ.

ಫೋನಿನಲ್ಲಿ ದೊರೆಯುವ ಎರಡು ಬಗೆಯ ಆ್ಯಪ್‌ಗಳು ಇಲ್ಲಿ ಪ್ರಸ್ತುತ. ಒಂದು, ಮಾಡಬೇಕಾದ ಕೆಲಸಗಳ ಪಟ್ಟಿಯನ್ನಿಟ್ಟು ಗಡುವನ್ನು ಎಚ್ಚರಿಸುವಂಥದು. 2007ರಲ್ಲಿ ಹುಟ್ಟಿದ ಟುಡೂಯಿಸ್ಟ್ ಈ ಜಾತಿಯದು. ಇನ್ನೊಂದು, ಕಣ್ಣು ಮುಚ್ಚಿಸಿ, ಉಸಿರನ್ನು ಗಮನಿಸೆಂದು ಮೃದುವಾದ ದನಿಯಲ್ಲಿ ಹೇಳುವಂಥದು. 2010ರ ಹೆಡ್‌ಸ್ಪೇಸ್, 2012ರ ಕಾಮ್ ಇವು ಪ್ರಸಿದ್ಧ. ಹೆಡ್‌ಸ್ಪೇಸನ್ನು ಆರಂಭಿಸಿದವರಲ್ಲೊಬ್ಬರು ಹಿಂದೆ ಬೌದ್ಧ ಭಿಕ್ಷುವಾಗಿದ್ದವರು. ಒಂದು ಪ್ರವೃತ್ತಿಯ ಸಾಧನ, ಮತ್ತೊಂದು ನಿವೃತ್ತಿಯ ಸಾಧನ ಎಂದು ಮೇಲ್ನೋಟಕ್ಕೆ ತೋರುವುದು ಸಹಜ.

ಆದರೆ ಹೆಸರುಗಳನ್ನು ನೋಡಿದರೆ ಗಡಿಯು ಅಷ್ಟು ಸ್ಪಷ್ಟವಲ್ಲ. 2008ರಲ್ಲಿ ಅಮೆರಿಕದಲ್ಲಿ ಸ್ಥಾಪಿತವಾದ ಒಂದು ಕಾರ್ಯಪಟ್ಟಿಯ ಸಂಸ್ಥೆಯು ನಮ್ಮ 'ಆಸನ' ಶಬ್ದವನ್ನೇ ತನ್ನ ಹೆಸರಾಗಿ ಇಟ್ಟುಕೊಂಡಿದೆ. ಟುಡೂಯಿಸ್ಟಿನಲ್ಲಿಯಂತೂ 'ಕರ್ಮ' ಎಂಬ ಒಂದು ಅಂಕಪದ್ಧತಿಯೇ ಉಂಟು. ಕೆಲಸ ಮುಗಿಸಿದರೆ ಕರ್ಮವು ಏರುತ್ತದೆ. ಗಡುವು ಮೀರಿದ ಕೆಲಸಗಳು ಬಾಕಿ ಬಿದ್ದರೆ ಇಳಿಯುತ್ತದೆ. 50,000 ಅಂಕ ದಾಟಿದವನಿಗೆ ದೊರೆಯುವ ಕೊನೆಯ ಪದವಿಯ ಹೆಸರು ಜ್ಞಾನೋದಯ ಪಡೆದವನು ಎಂಬ ಅರ್ಥದ್ದು! ನಾವು ನಗಬಹುದು, ಆದರೆ ನಕ್ಕು ಮುಂದೆ ಸಾಗುವಂತಿಲ್ಲ. ನಮ್ಮ ಸಿದ್ಧಾಂತದಲ್ಲಿ ಕರ್ಮವೆಂಬುದು ಆತ್ಮಪ್ರದೇಶಗಳಿಗೆ ಬಂದು ಅಂಟುವ ಸೂಕ್ಷ್ಮ ಪುದ್ಗಲ. ಪುಣ್ಯವೂ ಬಂಧವೇ ಎಂಬುದನ್ನು ಮನಗಾಣಿಸಲು ಕುಂದಕುಂದಾಚಾರ್ಯರು ಸಮಯಸಾರದಲ್ಲಿ ಚಿನ್ನದ ಸಂಕೋಲೆಯ ದೃಷ್ಟಾಂತವನ್ನು ಕೊಟ್ಟರು. ಕಳಚಿಕೊಳ್ಳಬೇಕಾದದ್ದನ್ನೇ ಕೂಡಿಹಾಕಿ ಜ್ಞಾನಿಯೆನ್ನಿಸಿಕೊಳ್ಳುವ ಈ ಲೆಕ್ಕವು ಪದದ ಅಪಪ್ರಯೋಗವೇನೋ ಹೌದು. ಆದರೂ ಕಾರ್ಯಪಟ್ಟಿಯಿಂದ ಯಾರೂ ಮೋಕ್ಷಮಾರ್ಗವನ್ನು ನಿರೀಕ್ಷಿಸರು. ಅದು ವ್ಯವಹಾರದ ವಸ್ತು, ವ್ಯವಹಾರದಲ್ಲಿಯೇ ಇರುತ್ತದೆ. ಅಪಾಯವಿರುವುದು ಮತ್ತೊಂದರಲ್ಲಿ.

ಧ್ಯಾನದ ಆ್ಯಪ್‌ಗಳ ಮೇಲೆ ಸಾಮಾನ್ಯವಾಗಿ ಹೊರಿಸುವ ಆಕ್ಷೇಪವೆಂದರೆ, ಹತ್ತು ನಿಮಿಷದ ಧ್ಯಾನವೂ ಒಂದು ಧ್ಯಾನವೇ ಎಂಬುದು. ಈ ಆಕ್ಷೇಪದಲ್ಲಿ ಹುರುಳಿಲ್ಲ. ಏಕಾಗ್ರಚಿಂತೆಯು ಉತ್ತಮ ಸಂಹನನವುಳ್ಳವನಿಗೂ ಅಂತರ್ಮುಹೂರ್ತಕ್ಕಿಂತ ಹೆಚ್ಚು ಕಾಲ ನಿಲ್ಲದೆಂದು ಸೂತ್ರಕಾರರೇ ಹೇಳಿರುವಾಗ, ಅಂದರೆ 48 ನಿಮಿಷಗಳೊಳಗೆ ಅದು ಮುಗಿಯುವುದಾದರೆ, ನಮ್ಮಂಥವರ ಹತ್ತು ನಿಮಿಷವನ್ನು ಹಳಿಯುವುದು ಸಲ್ಲದು. ವಿಚಾರಿಸಬೇಕಾದದ್ದು ಸಾಲುಲೆಕ್ಕವನ್ನು. ಇಂಥ ಆ್ಯಪ್‌ಗಳು, ತಪ್ಪದೆ ಎಷ್ಟು ದಿನ ಕುಳಿತಿರಿ ಎಂಬ ಸಂಖ್ಯೆಯನ್ನು ತೋರಿಸುತ್ತವೆ. ಒಂದು ದಿನ ಬಿಟ್ಟರೆ ಸಾಲು ಮುರಿಯುತ್ತದೆ. ನೂರನೆಯ ದಿನ ರಾತ್ರಿ ಹನ್ನೊಂದೂವರೆಗೆ, ತೂಕಡಿಸುತ್ತ, ಸಾಲು ಮುರಿಯಬಾರದೆಂದು ಕುಳಿತುಕೊಳ್ಳುವವನನ್ನು ಊಹಿಸಿಕೊಳ್ಳಿರಿ. ಅವನು ಯಾವ ಧ್ಯಾನದಲ್ಲಿದ್ದಾನೆ? ಇಷ್ಟವಾದದ್ದು ಕೈಬಿಟ್ಟೀತೆಂಬ ಕಳವಳ, ಫಲದ ಮೇಲಿನ ಆಸೆ, ಇವೆರಡೂ ಆರ್ತಧ್ಯಾನದ ಕವಲುಗಳು. ಧರ್ಮಧ್ಯಾನದ ಆಸನದಲ್ಲಿ ಕುಳಿತೇ ಆರ್ತಧ್ಯಾನವನ್ನು ಮಾಡುವ ವಿಪರ್ಯಾಸವಿದು. ಮಾಯೆ, ಮಿಥ್ಯಾತ್ವ, ನಿದಾನಗಳೆಂಬ ಶಲ್ಯಗಳು ಕೀಳದ ಹೊರತು ಯಾರೂ ವ್ರತಿಯೆನಿಸರೆಂಬ ಶಾಸ್ತ್ರವಚನದ ಮುಂದೆ, ಈ ಸಾಲುಲೆಕ್ಕವು ನಿದಾನಶಲ್ಯದ ಒಂದು ನವೀನ ಮಾದರಿಯೆನ್ನದೆ ವಿಧಿಯಿಲ್ಲ.

ನಮ್ಮ ಹಿರಿಯರೂ ಮರಳಿನ ಗಡಿಯಾರವಿಟ್ಟು ಸಾಮಾಯಿಕ ಮಾಡುತ್ತಿರಲಿಲ್ಲವೇ, 108 ಮಣಿಗಳ ಜಪಮಾಲೆಯೂ ಒಂದು ಎಣಿಕೆಯ ಯಂತ್ರವಲ್ಲವೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಮರಳಿನ ಗಡಿಯಾರವು ಯಾರನ್ನೂ ಕೂಗಿ ಕರೆಯದು. ನಿನ್ನೆ ತನ್ನನ್ನು ಮಗುಚಿದವರು ಯಾರೆಂಬುದೂ ಅದಕ್ಕೆ ತಿಳಿಯದು. ಜಪಮಾಲೆಯು ಮೇರುಮಣಿಯನ್ನು ಮುಟ್ಟಿದೊಡನೆ ಮತ್ತೆ ಮೊದಲಿನಂತೆ ಬರಿದು. ಅವು ಕಾಲವನ್ನು ಅಳೆದವು, ಮನುಷ್ಯನನ್ನು ಅಳೆಯಲಿಲ್ಲ.

ಉಪವಾಸದ ವಿಷಯದಲ್ಲಿ ಇನ್ನೊಂದು ತೊಡಕಿದೆ. ಕಾರ್ಯಪಟ್ಟಿಗೆ ತಿಳಿಯುವುದು ಮಾಡಿದ ಕೆಲಸ. ಗುರುತು ಹಾಕಿದ ಕ್ಷಣದಲ್ಲಿ ಅದು ತೀರುತ್ತದೆ. ಪ್ರತ್ಯಾಖ್ಯಾನವಾದರೋ ಮಾಡದಿರುವಿಕೆ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಮಿತಕಾಲದ ತ್ಯಾಗವನ್ನು ನಿಯಮವೆಂದೂ ಜೀವಾವಧಿಯದನ್ನು ಯಮವೆಂದೂ ವಿಭಾಗಿಸಿದರು. ರಾತ್ರಿಭೋಜನವನ್ನು ಆಮರಣ ಬಿಟ್ಟವನು ಗುರುತು ಹಾಕುವುದು ಯಾವಾಗ? ಆ ತ್ಯಾಗವು ಪ್ರತಿಯೊಂದು ಸಂಜೆಯೂ ಹೊಸದಾಗಿ ನೆನಪಿನಲ್ಲಿ ನಿಲ್ಲಬೇಕಾದದ್ದು. ಮುಗಿದುಹೋದ ಕೆಲಸವಾಗಿ ಒಂದು ದಿನವೂ ಅದು ಕೈಗೆ ಸಿಗದು. ಸಂಜೆಯ ಗಂಟೆ ಬಾರಿಸಿದ್ದರಿಂದಲೇ ಉಣ್ಣದೆ ಉಳಿದವನ ಆಹಾರವು ತಪ್ಪಿತು, ನಿಜ. ಆ ಗಂಟೆಯು ಇಲ್ಲದ ದಿನ ಅವನು ಏನು ಮಾಡುವನೆಂಬುದರಲ್ಲಿ ವ್ರತವಿದೆ.

ಆದುದರಿಂದ ಫೋನನ್ನು ಬಿಸಾಡಬೇಕೆಂದೇನೂ ಅಲ್ಲ. ಇಬ್ಬಗೆಯ ಆ್ಯಪ್‌ಗಳಲ್ಲಿ ಶ್ರಾವಕನಿಗೆ ಹೆಚ್ಚು ಉಪಯುಕ್ತವಾದದ್ದು, ವಿಚಿತ್ರವೆನಿಸಿದರೂ, ಕಾರ್ಯಪಟ್ಟಿಯೇ. ಪಂಚಾಂಗವು ಮಾಡುತ್ತಿದ್ದ ಕೆಲಸವನ್ನು ಅದು ಮಾಡಬಲ್ಲದು: ನಾಳೆ ಅಷ್ಟಮಿ, ಇಂದು ಏಕಭುಕ್ತ ಎಂದು ಹಿಂದಿನ ದಿನವೇ ತಿಳಿಸಲಿ. ಪ್ರೋಷಧವನ್ನು ಸ್ವೀಕರಿಸಿದ ಮೇಲೆ ಫೋನು ಮುಚ್ಚಿರಲಿ. ಸಾವದ್ಯಯೋಗವನ್ನು ತೊರೆದು ಕುಳಿತವನ ಬಳಿ ಅದಕ್ಕೆ ಕೆಲಸವಿಲ್ಲ. ಆದರೆ ತಿಥಿಗಳನ್ನು ಅದಕ್ಕೆ ಉಣಿಸುವಾಗ ಎಚ್ಚರ ಬೇಕು. ಹದಿನೈದು ದಿನಕ್ಕೊಮ್ಮೆ ಎಂದು ಬರೆದಿಟ್ಟರೆ ಚತುರ್ದಶಿಯು ಬೇಗನೆ ತಪ್ಪುತ್ತದೆ. ತಿಥಿಯು ಇಪ್ಪತ್ತನಾಲ್ಕು ಗಂಟೆಗಳಿಗೆ ಕಟ್ಟುಬಿದ್ದುದಲ್ಲ. ವರ್ಷಾರಂಭದಲ್ಲಿ ಪಂಚಾಂಗವನ್ನು ಎದುರಿಗಿಟ್ಟುಕೊಂಡು ಒಂದೊಂದು ಪರ್ವದಿನವನ್ನೂ ಕೈಯಾರೆ ಬರೆದಿಡಬೇಕಾಗುತ್ತದೆ.