ಹದಿನೆಂಟು ಸೆಕೆಂಡುಗಳ ಆಕಾಶ

ಅರಳಗುಪ್ಪೆಯ ತೆಂಗಿನ ತೋಟಗಳಲ್ಲಿ ನಿಂತವರಿಗೆ ಆಕಾಶ ಗರಿಗಳ ಸಂದಿನಲ್ಲಷ್ಟೇ ದೊರೆಯುತ್ತದೆ. ತೋಟ ದಾಟಿ ಬಯಲಿಗೆ ಬಂದರೆ ಬ್ರಾಹ್ಮೀ ಮುಹೂರ್ತದ ನಭೋಮಂಡಲ ಪೂರ್ತಿ ತೆರೆದುಕೊಳ್ಳುತ್ತದೆ. ಅದರ ಚಿತ್ರ ತೆಗೆಯಲು ದೊಡ್ಡ ದೂರದರ್ಶಕ ಬೇಕೆಂದು ನಾವು ಭಾವಿಸುತ್ತೇವೆ. ಬೇಕಿಲ್ಲ. ನಾಮಕರಣ, ಗೃಹಪ್ರವೇಶಗಳಿಗೆಂದು ಮನೆಯಲ್ಲಿಟ್ಟುಕೊಂಡ ಕ್ಯಾಮೆರಾ ಸಾಕು. ಅದನ್ನು ಅಲುಗದಂತೆ ಹಿಡಿಯುವ ಟ್ರೈಪಾಡ್ ಒಂದು ಸಾಕು. 2024ರ ಸೆಪ್ಟೆಂಬರ್ ಕೊನೆಯ ನಸುಕುಗಳಲ್ಲಿ ತ್ಸುಚಿನ್‌ಶಾನ್-ಅಟ್ಲಾಸ್ ಧೂಮಕೇತು ಪೂರ್ವದಲ್ಲಿ ಕಾಣಿಸಿಕೊಂಡಾಗ, ದೀಪಗಳಿಂದ ತುಂಬಿದ ಬೆಂಗಳೂರಿನಿಂದಲೇ ಅನೇಕರು ಅದರ ಚಿತ್ರ ತೆಗೆದರು. ಇಲ್ಲಿಯ ಕತ್ತಲೆ ಅದಕ್ಕಿಂತ ಎಷ್ಟೋ ಉದಾರ.

ವಿಧಾನ ಸರಳ. ಮಸೂರದ ಕಿಂಡಿಯನ್ನು ಆದಷ್ಟು ಅಗಲಿಸಬೇಕು. ಐಎಸ್‌ಒ 1600ರಷ್ಟಿರಲಿ. ತಾನಾಗಿಯೇ ಆಗುವ ಫೋಕಸ್ ಕತ್ತಲಲ್ಲಿ ತಡಕಾಡುತ್ತದೆ. ಅದನ್ನು ನಿಲ್ಲಿಸಿ, ಪ್ರಕಾಶಮಾನವಾದ ತಾರೆಯೊಂದನ್ನು ಪರದೆಯ ಮೇಲೆ ಹಿಗ್ಗಿಸಿಕೊಂಡು, ಅದು ಅತಿ ಸಣ್ಣ ಬಿಂದುವಾಗುವವರೆಗೆ ಕೈಯಿಂದಲೇ ಉಂಗುರ ತಿರುಗಿಸಬೇಕು. ಬೆರಳಿನ ಸ್ಪರ್ಶವೂ ಚಿತ್ರವನ್ನು ನಡುಗಿಸುತ್ತದೆ. ಆದ್ದರಿಂದ 2 ಸೆಕೆಂಡಿನ ಟೈಮರ್ ಇಟ್ಟು ಕೈ ಹಿಂದೆಗೆಯಬೇಕು. ನಮ್ಮ ಕಣ್ಣು ಬೆಳಕನ್ನು ಕೂಡಿಡಲಾರದು, ಕ್ಷಣದ್ದನ್ನು ಕ್ಷಣಕ್ಕೇ ಬಿಟ್ಟುಕೊಡುತ್ತದೆ. ಕ್ಯಾಮೆರಾ ಕೂಡಿಡುತ್ತದೆ. 1850ರ ಜುಲೈನಲ್ಲಿ ಹಾರ್ವರ್ಡ್ ವೀಕ್ಷಣಾಲಯದಲ್ಲಿ ಅಭಿಜಿತ್ ನಕ್ಷತ್ರದ ಚಿತ್ರ ತೆಗೆದಾಗ ಸುಮಾರು 100 ಸೆಕೆಂಡು ಕಾಯಬೇಕಾಯಿತು. ಸೂರ್ಯನನ್ನು ಬಿಟ್ಟರೆ ಮನುಷ್ಯ ಚಿತ್ರ ತೆಗೆದ ಮೊದಲ ನಕ್ಷತ್ರ ಅದು.

ನಾವೂ ಕಾಯಬಹುದು, ಆದರೆ ಒಂದು ಮಿತಿಯವರೆಗೆ. 500ನ್ನು ಮಸೂರದ ನಾಭಿದೂರದಿಂದ ಭಾಗಿಸಿದರೆ ಆ ಮಿತಿ ಸಿಗುತ್ತದೆ. ಸಾಮಾನ್ಯ ಕ್ಯಾಮೆರಾಗಳ ಸಂವೇದಕ ಚಿಕ್ಕದು. ಅದಕ್ಕಾಗಿ ನಾಭಿದೂರವನ್ನು ಮೊದಲು ಒಂದೂವರೆ ಪಟ್ಟು ಮಾಡಿಕೊಳ್ಳಬೇಕು. 18 ಮಿ.ಮೀ. ಮಸೂರಕ್ಕೆ ಬರುವ ಉತ್ತರ ಸುಮಾರು 18 ಸೆಕೆಂಡು. ಅಷ್ಟರೊಳಗೆ ಮುಗಿಸಿದರೆ ತಾರೆ ಬಿಂದುವಾಗಿ ಉಳಿಯುತ್ತದೆ. ಮೀರಿದರೆ ರೇಖೆಯಾಗುತ್ತದೆ.

ರೇಖೆಯನ್ನು ಕಂಡೊಡನೆ ನಾವು ಹೇಳುವುದೇನು? ತಾರೆ ಸರಿಯಿತು ಎಂದು. ತಾರೆ ಸರಿದಿಲ್ಲ. ಆ 18 ಸೆಕೆಂಡುಗಳಲ್ಲಿ ಅರಳಗುಪ್ಪೆಯೇ ತನ್ನ ಕೆರೆ, ತೋಟ, ಗುಡಿಗಳೊಡನೆ ಪೂರ್ವಕ್ಕೆ ಸುಮಾರು 8 ಕಿಲೋಮೀಟರ್ ಸಾಗಿರುತ್ತದೆ. ಭೂಮಿಯ ಆವರ್ತನೆ ಈ ಅಕ್ಷಾಂಶದಲ್ಲಿ ನಮ್ಮನ್ನು ಸೆಕೆಂಡಿಗೆ ಸುಮಾರು 450 ಮೀಟರ್ ವೇಗದಲ್ಲಿ ಒಯ್ಯುತ್ತಿದೆ. ದೋಣಿಯಲ್ಲಿ ಕುಳಿತವನಿಗೆ ದಡವೇ ಹಿಂದಕ್ಕೆ ಸರಿಯುವಂತೆ ಕಾಣುತ್ತದೆಂದು ಆರ್ಯಭಟ ಕ್ರಿ.ಶ. 499ರ ತನ್ನ ಗ್ರಂಥದಲ್ಲಿಯೇ ಇದನ್ನು ತಿಳಿಸಿದ್ದ. ತಿಳಿದೂ ನಮಗದು ಅನುಭವವಾಗುವುದಿಲ್ಲ. ಒಯ್ಯಲ್ಪಡುವವರು ತಮ್ಮನ್ನು ಸ್ಥಿರವೆಂದೇ ಬಗೆಯುತ್ತಾರೆ. ಅದು ದೋಷವೆನ್ನುವುದಕ್ಕಿಂತ ಮನುಷ್ಯ ನಿಂತಿರುವ ನೆಲೆಯ ಸ್ವಭಾವ. ಬದಲಾಗಿಬಿಟ್ಟರೆಂದು ನಾವು ನೊಂದುಕೊಳ್ಳುವ ಬಂಧುಗಳಲ್ಲಿ, ಸ್ನೇಹಿತರಲ್ಲಿ ಎಷ್ಟೋ ಮಂದಿ ಇದ್ದಲ್ಲಿಯೇ ಇದ್ದಾರೆ. ವಯಸ್ಸು, ಉದ್ಯೋಗ, ಒಂದು ಸಣ್ಣ ಯಶಸ್ಸು ನಮ್ಮನ್ನೇ ಸದ್ದಿಲ್ಲದೆ ಒಯ್ದಿರುತ್ತವೆ. ದೀರ್ಘವಾಗಿ ನೋಡಿದಾಗ ಮಾತ್ರ ಆ ರೇಖೆ ಕಾಣುತ್ತದೆ; ಅದು ಅವರ ಮೇಲೆ ಮೂಡಿದ ನಮ್ಮದೇ ಚಲನೆ.

ಹಾಗಾದರೆ ಸ್ಥಿರವಾದುದನ್ನು ಎಲ್ಲಿ ಹುಡುಕೋಣ? ಸಹಜವಾಗಿಯೇ ಉತ್ತರದಲ್ಲಿ. ಇಲ್ಲಿ ಧ್ರುವ ನಕ್ಷತ್ರ ಕ್ಷಿತಿಜದಿಂದ ಸುಮಾರು 13 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತದೆ. ಚಾಚಿದ ಕೈಯ ಒಂದು ಮುಷ್ಟಿಗಿಂತ ತುಸು ಮೇಲೆ. ತೋಟದೊಳಗಿಂದ ಕಾಣದು. ಉತ್ತರಕ್ಕೆ ತೆರೆದ ಜಾಗವನ್ನು ಹಗಲಿನಲ್ಲೇ ಗುರುತಿಸಿಟ್ಟುಕೊಳ್ಳಬೇಕು. ಕ್ಯಾಮೆರಾವನ್ನು ಅತ್ತ ತಿರುಗಿಸಿ, ಒಂದು ಗಂಟೆ ಕಾಲ ಬಿಡುವಿಲ್ಲದೆ ತೆಗೆದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸಿದರೆ, ಪ್ರತಿ ತಾರೆಯೂ 15 ಡಿಗ್ರಿಯ ಕಮಾನು ಬರೆದಿರುತ್ತದೆ. ಹಿಗ್ಗಿಸಿ ನೋಡಿದರೆ ಧ್ರುವನದೂ ಬಿಂದುವಲ್ಲ, ಅತಿ ಗಿಡ್ಡ ಕಮಾನು. ಆಕಾಶದ ನಿಜವಾದ ಧ್ರುವಬಿಂದುವಿನಿಂದ ಅವನು ಅರ್ಧ ಡಿಗ್ರಿಗಿಂತ ತುಸು ಹೆಚ್ಚೇ ದೂರದಲ್ಲಿದ್ದಾನೆ.

ಊರಿನ ಕಲ್ಲೇಶ್ವರ ದೇವಾಲಯ 9ನೆಯ ಶತಮಾನದ್ದು. ಅದರ ಭುವನೇಶ್ವರಿಯಲ್ಲಿ, ಅಂದರೆ ಕೆತ್ತನೆಯ ಒಳಚಾವಣಿಯಲ್ಲಿ, ನಡುವೆ ಶಿವ ನರ್ತಿಸುತ್ತಾನೆ, ಸುತ್ತ ಅಷ್ಟದಿಕ್ಪಾಲಕರು. ಆ ಶಿಲ್ಪಿ ಉಳಿ ಹಿಡಿದಿದ್ದ ಕಾಲದಲ್ಲಿ ಇಂದಿನ ಧ್ರುವ ನಕ್ಷತ್ರ ಧ್ರುವಬಿಂದುವಿನಿಂದ 6 ಡಿಗ್ರಿಗೂ ಹೆಚ್ಚು ದೂರವಿತ್ತು. ಸರಿಯುತ್ತಿರುವುದು ಭೂಮಿಯ ಅಕ್ಷ. ಅದರ ಒಂದು ಸುತ್ತಿಗೆ ಸುಮಾರು 26,000 ವರ್ಷ. ಚಲಿಸುವುದನ್ನೇ ನಡುವಿನಲ್ಲಿಟ್ಟು ದಿಕ್ಕುಗಳನ್ನು ಸುತ್ತ ಕೂರಿಸಿದ ಆ ಕೈಗೆ ಗಣಿತ ಎಷ್ಟು ತಿಳಿದಿತ್ತೋ, ದರ್ಶನವಂತೂ ತಿಳಿದಿತ್ತು.

ಚಿತ್ರ ತೆಗೆಯಲು ಶಿವರಾತ್ರಿ ಒಳ್ಳೆಯ ರಾತ್ರಿ. ಅಮಾವಾಸ್ಯೆಯ ಹಿಂದಿನ ಚತುರ್ದಶಿಯಾದ್ದರಿಂದ ನಸುಕಿನವರೆಗೆ ಚಂದ್ರ ಮೂಡುವುದಿಲ್ಲ, ಆ ತಿಂಗಳಲ್ಲಿ ಮೋಡ ವಿರಳ, ಜಾಗರಣೆಯ ಊರು ಹೇಗೂ ಎಚ್ಚರವಿರುತ್ತದೆ. ಮಸೂರದ ಮೇಲೆ ಕೂರುವ ಇಬ್ಬನಿಯನ್ನು ಒರೆಸಲು ಮೆತ್ತನೆಯ ಬಟ್ಟೆಯೊಂದು ಜೊತೆಗಿದ್ದರಾಯಿತು.