ಬಂದೂಕು ಹಿಡಿದವರ ಮೊದಲ ಶೀಲ

*ಇಂದಿನ ಧಮ್ಮ ಚಿಂತನೆ*



ನನ್ನ ತಮ್ಮನ ಮಗಳು ಪೊಲೀಸ್ ಕಾನ್‌ಸ್ಟೆಬಲ್. ನಮ್ಮ ಬಳಗದಲ್ಲೇ ಪಂಚಶೀಲ ಸ್ವೀಕರಿಸಿದವಳು. ಕಳೆದ ಆಯುಧಪೂಜೆಯ ಸಂಜೆ ಡ್ಯೂಟಿ ಮುಗಿಸಿ ಯೂನಿಫಾರಂನಲ್ಲೇ ನಮ್ಮ ಮನೆಗೆ ಬಂದಳು. ಠಾಣೆಯಲ್ಲಿ ರೈಫಲ್‌ಗಳನ್ನು ಸಾಲಾಗಿ ಇಟ್ಟು, ಕುಂಕುಮ ಹಚ್ಚಿ, ಚೆಂಡುಹೂವು ಮುಡಿಸಿ, ಬೂದುಗುಂಬಳ ಒಡೆದಿದ್ದರು. ಇವಳು ಕೈ ಮುಗಿಯದೆ ಹಿಂದೆ ನಿಂತಿದ್ದಳಂತೆ. ಯಾರೂ ಏನೂ ಅನ್ನಲಿಲ್ಲವಂತೆ.

“ಪೂಜೆ ಮಾಡ್ದೆ ಇರೋದು ಸುಲಭ ದೊಡ್ಡಪ್ಪ,” ಅಂದಳು. “ಮುಂದಿನ ವಾರ ಫೈರಿಂಗ್ ಪ್ರಾಕ್ಟೀಸ್ ಅದೆ. ಮನುಷ್ಯನ ಆಕಾರದ ಗುರಿ ನಿಲ್ಲಿಸ್ತಾರೆ. ಎದೆಗೆ ಹೊಡಿ ಅಂತಾರೆ. ಬೆಳಗ್ಗೆ ಎದ್ದು ಪ್ರಾಣ ತೆಗೆಯಲ್ಲ ಅಂತೀನಿ. ಆಮೇಲೆ ಹೋಗಿ ಮನುಷ್ಯನ ಎದೆಗೆ ಗುರಿ ಇಡೋದು ಕಲೀತೀನಿ. ನಾನು ಯಾರಿಗೆ ಸುಳ್ಳು ಹೇಳ್ತಿದ್ದೀನಿ?”

ನಾನೂ ಅದೇ ಇಲಾಖೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಕಳೆದವನು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕು ತಾಲೂಕುಗಳ ರಾತ್ರಿ ರಸ್ತೆಗಳು ನನಗೆ ಗೊತ್ತು. ಆದರೂ ಅವತ್ತು ಅವಳಿಗೆ ಉತ್ತರ ಕೊಡಲಾಗಲಿಲ್ಲ. “ಊಟ ಮಾಡು ಮಗಾ” ಅಂದು ಸುಮ್ಮನಾದೆ. ಆಮೇಲೆ ಯೋಚಿಸಿದ್ದನ್ನು ಅವಳ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಯಾರಿಗೂ ಹೇಳದ ಒಂದು ಸಂಗತಿ ಹೇಳುತ್ತೇನೆ.

1992ರಲ್ಲಿ ನಾನು ಹರೆಯದ ಕಾನ್‌ಸ್ಟೆಬಲ್. ಆಗ ಚಾಮರಾಜನಗರ ಇನ್ನೂ ಮೈಸೂರು ಜಿಲ್ಲೆಯಲ್ಲೇ ಇತ್ತು. ಆ ವರ್ಷ ಮೇ ತಿಂಗಳಲ್ಲಿ ವೀರಪ್ಪನ್ ತಂಡ ಕೊಳ್ಳೇಗಾಲ ಕಡೆಯ ರಾಮಾಪುರ ಠಾಣೆಗೇ ನುಗ್ಗಿ ಪೊಲೀಸರನ್ನು ಕೊಂದಿತು. ಆಗಸ್ಟ್ 14ರಂದು ಮಿಣ್ಯಂ ಬಳಿ ಹೊಂಚು ಹಾಕಿ, ನಮ್ಮ ಜಿಲ್ಲೆಯ ಎಸ್‌ಪಿ ಟಿ. ಹರಿಕೃಷ್ಣ ಅವರನ್ನೂ ಸಬ್‌ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಅವರನ್ನೂ ಜೊತೆಗಿದ್ದ ಸಿಬ್ಬಂದಿಯನ್ನೂ ಬಲಿ ತೆಗೆದುಕೊಂಡಿತು. ಎಸ್‌ಪಿ ಸಾಹೇಬರನ್ನೇ ಹೊಡೆದರು ಅಂದಮೇಲೆ ನಮ್ಮಂಥವರ ಗತಿ ಏನು? ಮಿಣ್ಯಂ ನಮ್ಮಿಂದ ಬಹಳ ದೂರ. ಭಯಕ್ಕೆ ಆ ದೂರ ಲೆಕ್ಕಕ್ಕೇ ಬರಲಿಲ್ಲ. ರಾತ್ರಿ ಗಸ್ತಿನಲ್ಲಿ ಎಲೆ ಅಲುಗಿದರೂ ಎದೆ ಹೊಡೆದುಕೊಳ್ಳುತ್ತಿತ್ತು.

ಅದಾದ ಒಂದೆರಡು ವರ್ಷಕ್ಕೆ, ಹೊಗೆಸೊಪ್ಪು ಬೇಯಿಸುವ ಕಾಲ. ನಮ್ಮ ಕಡೆಯವರಿಗೆ ಗೊತ್ತು, ಆ ತಿಂಗಳುಗಳಲ್ಲಿ ಬ್ಯಾರನ್‌ಗಳು ರಾತ್ರಿಯಿಡೀ ಉರಿಯುತ್ತವೆ. ಸೌದೆ ಹಾಕುವ ಆಳುಗಳು ನಿದ್ದೆ ಮಾಡುವುದಿಲ್ಲ. ನಾವು ಜೀಪಿನಲ್ಲಿ ಗಸ್ತು ಹೊರಟಿದ್ದೆವು. ನನ್ನ ಕೈಯಲ್ಲಿ ತ್ರೀ ನಾಟ್ ತ್ರೀ ರೈಫಲ್. ಆ ದಿನ ಆ ಕಡೆ ಕಳ್ಳರು ಓಡಾಡುತ್ತಿದ್ದಾರೆಂದು ಸುದ್ದಿ ಬಂದಿತ್ತು.

ತಿರುವಿನಲ್ಲಿ ಒಬ್ಬ ಮನುಷ್ಯ ರಸ್ತೆ ದಾಟುತ್ತಿದ್ದ. ಹೆಗಲ ಮೇಲೆ ಉದ್ದನೆಯದೇನೋ ಇತ್ತು. ನಾನು ಜಿಗಿದು ಇಳಿದು “ನಿಲ್ಲೋ!” ಎಂದು ಕೂಗಿದೆ. ನಿಲ್ಲಲಿಲ್ಲ. ಇನ್ನೊಮ್ಮೆ ಕೂಗಿದೆ. ನಿಲ್ಲಲಿಲ್ಲ. ಹೆಗಲ ಮೇಲಿದ್ದದ್ದು ನಮ್ಮ ಕಡೆ ತಿರುಗಿದ ಹಾಗೆ ಕಂಡಿತು. ನಾನು ಬೋಲ್ಟ್ ಎಳೆದು ಗುಂಡು ಏರಿಸಿದ್ದೆ. ಬೆರಳು ಟ್ರಿಗರ್ ಮೇಲೆ ಇತ್ತು. ನಾನು ನಿಂತಿದ್ದು ನಮ್ಮದೇ ಜೀಪಿನ ಹೆಡ್‌ಲೈಟಿನ ಬೆಳಕಿನಲ್ಲಿ, ನಡುರಸ್ತೆಯಲ್ಲಿ. ಅವನು ನಿಜವಾಗಿ ಬಂದೂಕುಧಾರಿಯಾಗಿದ್ದರೆ ಅವತ್ತೇ ನನ್ನ ಕಥೆ ಮುಗಿಯುತ್ತಿತ್ತು. ಅದು ನನಗೂ ಹೊಳೆದಿತ್ತು. ಹಾಗಾಗಿಯೇ ಬೆರಳು ಬಿಗಿಯಾಗುತ್ತಿತ್ತು.

ಅಷ್ಟರಲ್ಲಿ ನಮ್ಮ ಜೊತೆಗಿದ್ದ ಹಿರಿಯ ದಫೇದಾರರು ಲೈಟ್ ಆರಿಸಿ, ನನ್ನ ಬೆಲ್ಟ್ ಹಿಡಿದು ಜೀಪಿನ ಹಿಂದಕ್ಕೆ ಎಳೆದರು. “ಇಂಜಿನ್ ಪಕ್ಕ ಬಗ್ಗಿ ಕೂತ್ಕೊ. ಉಸಿರು ಬಿಡು. ಏನು ಅಂತ ಮೊದ್ಲು ನೋಡು.”

ಕೂತೆ. ಹತ್ತು ಉಸಿರು ಬಿಟ್ಟಿರಬಹುದು. ಆ ಮನುಷ್ಯ ಹೆಗಲ ಹೊರೆ ಕೆಳಗಿಳಿಸಿ, ಬೀಡಿ ಕಚ್ಚಿ, ಕಡ್ಡಿ ಗೀರಿದ. ಆ ಬೆಳಕಿನಲ್ಲಿ ಒಂದು ಮುದಿ ಮುಖ ಕಂಡಿತು. ಹೊರೆ ಹೊಗೆಸೊಪ್ಪಿನ ಎಲೆ ಪೋಣಿಸಿ ಬ್ಯಾರನ್‌ನಲ್ಲಿ ನೇತುಹಾಕುವ ಕೋಲುಗಳದ್ದು. ಹತ್ತಿರ ಹೋಗಿ ಮಾತಾಡಿಸಿದಾಗ ತಿಳಿಯಿತು, ಅವನಿಗೆ ಕಿವಿ ಕೇಳುತ್ತಿರಲಿಲ್ಲ. ನಮ್ಮ ಕೇರಿಗಳಂಥದ್ದೇ ಒಂದು ಕೇರಿಯ ಕೂಲಿಯಾಳು. ನಮ್ಮನ್ನು ನೋಡಿ ನಕ್ಕು, ನಮಗೂ ಬೀಡಿ ಕೊಡಲು ಬಂದ. ಅವನು ಎಷ್ಟು ಹತ್ತಿರದಿಂದ ತಪ್ಪಿಸಿಕೊಂಡ ಎಂಬುದು ಅವನಿಗೆ ಗೊತ್ತೇ ಆಗಲಿಲ್ಲ.

ಆಗ ನಾನಿನ್ನೂ ಧಮ್ಮ ಸ್ವೀಕರಿಸಿರಲಿಲ್ಲ. ಆ ದಫೇದಾರರೂ ಬೌದ್ಧರಲ್ಲ. ಆದರೆ ಅವತ್ತು ನನ್ನ ಮೊದಲ ಶೀಲವನ್ನು ಕಾದವರು ಅವರೇ. ಬೆಲ್ಟ್ ಹಿಡಿದು ಎಳೆದು ಕಾದರು.

ಬಂಧುಗಳೇ, ಗಸ್ತಿನ ಪೊಲೀಸರಿಗೆ ಕೊಡುವ ಆತ್ಮರಕ್ಷಣಾ ತರಬೇತಿಯ ತಿರುಳು ನನ್ನ ಪ್ರಕಾರ ಇದೇ. ಗುರಿಯಿಟ್ಟು ಹೊಡೆಯುವುದು ಅದರಲ್ಲಿ ಒಂದು ಭಾಗ ಮಾತ್ರ. ಉಳಿದದ್ದು ಎಲ್ಲಿ ನಿಲ್ಲಬೇಕು, ಎಷ್ಟು ದೂರ ಇಡಬೇಕು, ಯಾವುದರ ಮರೆ ಹಿಡಿಯಬೇಕು ಎಂಬ ವಿದ್ಯೆ. ಮರೆಯಲ್ಲೂ ಎರಡು ಬಗೆ ಇದೆ. ಪೊದೆ, ಜೀಪಿನ ಬಾಗಿಲು ಇವು ನಮ್ಮನ್ನು ಮುಚ್ಚುತ್ತವೆ ಅಷ್ಟೆ, ರೈಫಲ್ ಗುಂಡನ್ನು ತಡೆಯುವುದಿಲ್ಲ. ಇಂಜಿನ್, ದಪ್ಪ ಮರ, ಕಲ್ಲಿನ ಗೋಡೆ ತಡೆಯುತ್ತವೆ. ತಡೆಯುವ ಮರೆ ಸಿಕ್ಕವನಿಗೆ ಸಮಯ ಸಿಗುತ್ತದೆ. ಸಮಯ ಸಿಕ್ಕವನಿಗೆ ಕಣ್ಣು ಕಾಣುತ್ತದೆ.

ಅಮೆರಿಕದಲ್ಲಿ ಇಂಥ ತರಬೇತಿ ದೊಡ್ಡದಾಗಿ ಬೆಳೆದದ್ದು ಒಂದು ದುರಂತದ ನಂತರ. 1970ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ನ್ಯೂಹಾಲ್ ಬಳಿ ಕಾರೊಂದನ್ನು ತಡೆದ ಹೆದ್ದಾರಿ ಗಸ್ತಿನ ನಾಲ್ವರು ಯುವ ಪೊಲೀಸರು ಐದು ನಿಮಿಷದೊಳಗೆ ಹತರಾದರು. ವಾಹನದ ಹತ್ತಿರ ಹೇಗೆ ಹೋಗಬೇಕು, ಬೆಂಬಲಕ್ಕೆ ಹೇಗೆ ಕಾಯಬೇಕು ಎಂಬುದನ್ನು ಅಲ್ಲಿ ಹೊಸದಾಗಿ ಕಲಿಸತೊಡಗಿದರು. 1983ರಲ್ಲಿ ಡೆನ್ನಿಸ್ ಟ್ಯೂಲರ್ ಎಂಬ ಪೊಲೀಸ್ ತರಬೇತುದಾರ, ಚಾಕು ಹಿಡಿದವನು 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟುತ್ತಾನೆ ಎಂದು ತೋರಿಸಿದರು. ಎಚ್ಚರಿಕೆಗಾಗಿ ಹೇಳಿದ ಮಾತು ಅದು. ಕಾಲಕ್ರಮೇಣ ಕೆಲವರು ಅದನ್ನು “21 ಅಡಿಯೊಳಗೆ ಬಂದರೆ ಗುಂಡು ಹೊಡೆಯಬಹುದು” ಎಂಬ ಪರವಾನಗಿ ಮಾಡಿಕೊಂಡರು. ಕೊನೆಗೆ 2016ರಲ್ಲಿ ಅಲ್ಲಿನ ಪೊಲೀಸ್ ಎಕ್ಸಿಕ್ಯುಟಿವ್ ರಿಸರ್ಚ್ ಫೋರಂ ಆ ಲೆಕ್ಕವನ್ನು ಬಿಡಿ, ದೂರ ಹೆಚ್ಚಿಸಿ, ಮರೆ ಹಿಡಿಯಿರಿ, ಸಮಯ ಗಳಿಸಿ ಎಂದು ಹೇಳಬೇಕಾಯಿತು. ಅಳತೆ ಅದೇ 21 ಅಡಿ. ಒಬ್ಬನಿಗೆ ಅದು ಹಿಂದೆ ಸರಿಯಲು ಕಾರಣ, ಇನ್ನೊಬ್ಬನಿಗೆ ಕೊಲ್ಲಲು ಕಾರಣ. ವ್ಯತ್ಯಾಸ ಇರುವುದು ಮನಸ್ಸಿನಲ್ಲಿ.

ಬುದ್ಧರು ನೋಡಿದ್ದೂ ಆ ಮನಸ್ಸನ್ನೇ. ಸಂಯುತ್ತ ನಿಕಾಯದಲ್ಲಿ ಯೋಧಾಜೀವ ಎಂಬ ಯೋಧರ ಮುಖಂಡನೊಬ್ಬ ಬರುತ್ತಾನೆ. ಯುದ್ಧದಲ್ಲಿ ಹೋರಾಡಿ ಸತ್ತವನಿಗೆ ಸ್ವರ್ಗ ಸಿಗುತ್ತದಂತಲ್ಲ, ನಿಜವೇ ಎಂದು ಕೇಳುತ್ತಾನೆ. ಬುದ್ಧರು ಎರಡು ಸಲ ಕೇಳಬೇಡ ಅನ್ನುತ್ತಾರೆ. ಮೂರನೆಯ ಸಲ ಕೇಳಿದಾಗ, ಇವರೆಲ್ಲ ಸಾಯಲಿ ಎಂದು ಬಯಸುತ್ತಾ ಹೋರಾಡುವವನ ಮನಸ್ಸು ಆಗಲೇ ಕೆಳಗಿಳಿದಿದೆ, ಅಂಥವನಿಗೆ ಸದ್ಗತಿ ಇಲ್ಲ ಎಂದು ತಿಳಿಸುತ್ತಾರೆ. ಆ ಮನುಷ್ಯ ಅತ್ತುಬಿಡುತ್ತಾನೆ. ಇಷ್ಟು ದಿನ ತನ್ನ ಗುರುಗಳೇ ತನ್ನನ್ನು ವಂಚಿಸಿದರಲ್ಲಾ ಎಂದು ಅಳುತ್ತಾನೆ. ಆಯುಧವನ್ನು ಪೂಜಿಸುವವರು, ಆಯುಧ ಹಿಡಿದು ಸತ್ತವನಿಗೆ ಸ್ವರ್ಗ ಕೊಡುವವರು ಇವತ್ತೂ ಇದ್ದಾರೆ. ಬುದ್ಧರು ಅಂಥ ಸಮಾಧಾನ ಕೊಡಲಿಲ್ಲ.

ಹಾಗಂತ ಬಾಬಾಸಾಹೇಬರು ಅಹಿಂಸೆಯನ್ನು ಕೈಕಟ್ಟಿ ಕೂರುವ ವ್ರತ ಎಂದು ಓದಲಿಲ್ಲ. ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಅವರು ತತ್ತ್ವ ಬೇರೆ, ನಿಯಮ ಬೇರೆ ಎಂದು ವಿಂಗಡಿಸುತ್ತಾರೆ. ಕೊಲ್ಲುವ ಇಚ್ಛೆಯನ್ನೂ ಕೊಲ್ಲಲೇಬೇಕಾದ ಅಗತ್ಯವನ್ನೂ ಬೇರೆ ಮಾಡುತ್ತಾರೆ. ಅವರು ಸುಬೇದಾರ್ ರಾಮಜಿಯವರ ಮಗ, ಸೈನಿಕರ ಮನೆಯಲ್ಲಿ ಹುಟ್ಟಿದವರು. ಆಯುಧದ ಭಾರ ಏನೆಂದು ಆ ಮನೆಗೆ ಗೊತ್ತಿತ್ತು.

ಈಗ ಕಷ್ಟದ ಪ್ರಶ್ನೆಗೆ ಬರೋಣ. ಇಚ್ಛೆ ಯಾವುದು, ಅಗತ್ಯ ಯಾವುದು ಎಂದು ಒಂದೂವರೆ ಸೆಕೆಂಡಿನಲ್ಲಿ ಯಾರು ತೂಗುತ್ತಾರೆ? ಯಾರಿಂದಲೂ ಆಗದು. ಅವತ್ತು ನನ್ನೊಳಗೆ ಇಚ್ಛೆಯೂ ಇರಲಿಲ್ಲ, ಅಗತ್ಯವೂ ಇರಲಿಲ್ಲ. ಇದ್ದದ್ದು ಭಯ. ಭಯ ತಾನೇ ಅಗತ್ಯದ ವೇಷ ಹಾಕಿಕೊಂಡು ಬರುತ್ತದೆ. ಆದ್ದರಿಂದ ಮೊದಲ ಶೀಲವನ್ನು ಟ್ರಿಗರ್ ಒತ್ತುವ ಕ್ಷಣದಲ್ಲಿ ಪಾಲಿಸುತ್ತೇನೆ ಎಂದುಕೊಂಡವನು ಆಗಲೇ ತಡ ಮಾಡಿದ್ದಾನೆ. ಅದನ್ನು ಪಾಲಿಸುವ ಜಾಗ ಅದಕ್ಕಿಂತ ಮೊದಲು ಇದೆ: ಜೀಪು ಎಲ್ಲಿ ನಿಲ್ಲಿಸಿದೆ, ಬೆರಳನ್ನು ಟ್ರಿಗರ್‌ನಿಂದ ಹೊರಗಿಟ್ಟೆಯಾ, ಮರೆ ಹಿಡಿದೆಯಾ, ಉಸಿರು ನಿನ್ನ ಹಿಡಿತದಲ್ಲಿದೆಯಾ. ಇವನ್ನು ನೂರು ಸಲ ಅಭ್ಯಾಸ ಮಾಡಿದವನಿಗೆ ಮಾತ್ರ ಆ ಕ್ಷಣದಲ್ಲಿ ಆಯ್ಕೆ ಇರುತ್ತದೆ. ತಾನು ಬದುಕುತ್ತೇನೆಂಬ ನಂಬಿಕೆ ಇದ್ದವನು ಇನ್ನೊಬ್ಬನಿಗೂ ಬದುಕಲು ಬಿಡುತ್ತಾನೆ.

ತರಬೇತಿ ಇಲ್ಲದ ಭಯ ಯಾರ ಮೇಲೆ ಇಳಿಯುತ್ತದೆ ಎಂಬುದನ್ನೂ ನಾವು ಕಂಡಿದ್ದೇವೆ. ವೀರಪ್ಪನ್ ಬೇಟೆಯ ಕಾಲದಲ್ಲಿ ಕಾಡಂಚಿನ ಎಷ್ಟೋ ಬಡವರು, ಆದಿವಾಸಿಗಳು ಬರೀ ಅನುಮಾನಕ್ಕೆ ಚಿತ್ರಹಿಂಸೆ ಅನುಭವಿಸಿದರು. ನ್ಯಾಯಮೂರ್ತಿ ಸದಾಶಿವ ಅವರ ಸಮಿತಿ ವಿಚಾರಣೆ ನಡೆಸಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಲು ಹೇಳಿತು. ಗುರಿ ಹಲಗೆಯಲ್ಲಿ ಮುಖ ಇರುವುದಿಲ್ಲ, ಜಾತಿ ಇರುವುದಿಲ್ಲ. ರಾತ್ರಿ ರಸ್ತೆಯಲ್ಲಿ ನಿಂತವನ ಕಣ್ಣು ಮಾತ್ರ ಯಾರನ್ನು ಕಂಡರೆ ಹೆದರಬೇಕೆಂದು ಚಿಕ್ಕಂದಿನಿಂದಲೇ ಕಲಿತು ಬಂದಿರುತ್ತದೆ. ಹಾಡಿಯ ಜೇನುಕುರುಬ, ಕೇರಿಯ ಹುಡುಗ, ಹರಿದ ಬಟ್ಟೆಯವನು. ಆ ಕಲಿಕೆಯನ್ನು ಅಳಿಸಲು ಯಾವ ಫೈರಿಂಗ್ ರೇಂಜಿನಿಂದಲೂ ಆಗದು. ಅದಕ್ಕೆ ಧಮ್ಮವೇ ಬೇಕು. ನಾನೂ ಅದೇ ಕೇರಿಯವನು, ಆದರೂ ನನ್ನ ಕಣ್ಣೂ ಅದನ್ನೇ ಕಲಿತಿತ್ತು. ಇದು ನನಗೆ ಇವತ್ತಿಗೂ ನೋವಿನ ಸಂಗತಿ.

“ಹಂಗಾದ್ರೆ ನಾನು ಬಂದೂಕು ಮುಟ್ಟಲ್ಲ ಅಂದುಬಿಡ್ಲಾ?” ಎಂದು ಮಗಳು ಕೇಳಬಹುದು. ಹಾಗೆ ಬಿಟ್ಟರೆ ಆ ರಾತ್ರಿ ರಸ್ತೆಯಲ್ಲಿ ಬಂದೂಕು ಇಲ್ಲದೆ ಹೋಗುವುದಿಲ್ಲ, ಇನ್ನೊಬ್ಬರ ಕೈಯಲ್ಲಿ ಇರುತ್ತದೆ. ಮನೆಯೊಳಗೆ ಮಚ್ಚು ಹಿಡಿದ ಗಂಡನಿಂದ ಹೆಂಗಸೊಬ್ಬಳು 112ಕ್ಕೆ ಕರೆ ಮಾಡಿದಾಗ ಯಾರಾದರೂ ಹೋಗಲೇಬೇಕು. ಅವಳ ಪ್ರಾಣವೂ ಮೊದಲ ಶೀಲದೊಳಗೇ ಬರುತ್ತದೆ. ಬೇರೆ ದಾರಿಯೇ ಉಳಿಯದೆ, ಒಂದು ಜೀವ ಉಳಿಸಲು ಗುಂಡು ಹಾರಿಸಬೇಕಾಗಿ ಬರಬಹುದು. ಆಗ ಅದು ಪುಣ್ಯ ಎಂದು ನಾನು ಹೇಳಲಾರೆ. ಅದೊಂದು ದುಃಖ. ಆ ದುಃಖವನ್ನು ಹೊರುವ ಮನಸ್ಸಿರುವವರ ಕೈಯಲ್ಲೇ ಆಯುಧ ಇರಬೇಕು.

ಕಾನೂನು ಹೇಳುವುದೂ ಇದಕ್ಕೆ ಹತ್ತಿರವೇ. ಆತ್ಮರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚು ಹಾನಿ ಮಾಡುವ ಹಕ್ಕು ಯಾರಿಗೂ ಇಲ್ಲ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧದ ಆರೋಪ ಇಲ್ಲದವನನ್ನು, ಬರೀ ಬಂಧಿಸುವ ಸಲುವಾಗಿ ಕೊಲ್ಲುವ ಹಕ್ಕು ಪೊಲೀಸರಿಗಿಲ್ಲ. ಎನ್‌ಕೌಂಟರ್‌ಗಳ ಬಗ್ಗೆ 2014ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನಗಳಲ್ಲಿ ಎರಡನ್ನು ನಾನು ಮಗಳಿಗೆ ಬರೆದುಕೊಟ್ಟಿದ್ದೇನೆ. ಗಾಯಗೊಂಡವನು ಅಪರಾಧಿಯಾದರೂ ಅವನಿಗೆ ಚಿಕಿತ್ಸೆ ಕೊಡಿಸಬೇಕು. ಘಟನೆ ನಡೆದ ಕೂಡಲೇ ಬಡ್ತಿ, ಶೌರ್ಯ ಪದಕ ಕೊಡಬಾರದು. ಗುಂಡು ಹಾರಿಸಿದ ಕೈಯೇ ರಕ್ತ ಒತ್ತಿ ಹಿಡಿಯಬೇಕು, ಅದಕ್ಕೆ ಹಾರ ಹಾಕಬಾರದು ಎಂದು ನಾನು ಇದನ್ನು ಅರ್ಥ ಮಾಡಿಕೊಂಡಿದ್ದೇನೆ.

ಆದ್ದರಿಂದ ಮಗಾ, ಪ್ರಾಕ್ಟೀಸಿಗೆ ಹೋಗು. ಚೆನ್ನಾಗಿ ಕಲಿ. ಗುರಿ ಹಲಗೆಗೆ ಹೊಡೆಯುವಾಗ ಉಸಿರು ಹಿಡಿಯೋದು ಕಲಿಸ್ತಾರೆ, ಅದನ್ನೂ ಕಲಿ. ರಸ್ತೆಯಲ್ಲಿ ಉಸಿರು ಬಿಡೋದನ್ನು ನೀನೇ ಕಲಿತುಕೊ. ಹೊಡೆಯದೆ ಬಂದೂಕು ಇಳಿಸೋದನ್ನು, ಹೊಡೆಯೋದರಷ್ಟೇ ಸಲ ಅಭ್ಯಾಸ ಮಾಡು. ಜೊತೆಯವರ ಬೆರಳು ಬಿಗಿಯಾದಾಗ ಬೆಲ್ಟ್ ಹಿಡಿದು ಎಳೆಯುವವಳು ನೀನಾಗು. ನೀನು ಯಾರಿಗೂ ಸುಳ್ಳು ಹೇಳ್ತಿಲ್ಲ.

*ಇಂದಿನ ಅಭ್ಯಾಸ:* ನಮ್ಮಲ್ಲಿ ಬಂದೂಕು ಹಿಡಿಯುವವರು ಕಡಿಮೆ. ಆದರೆ ಭಯಪಟ್ಟು ಕೈ ಎತ್ತುವವರು, ನಾಲಿಗೆ ಹರಿಬಿಡುವವರು ನಾವೆಲ್ಲರೂ. ಇಂದು ಯಾರನ್ನಾದರೂ ಕಂಡು ಹೆದರಿಕೆಯೋ ಸಿಟ್ಟೋ ಬಂದರೆ ಮೂರು ಉಸಿರು ಕಾಯೋಣ. ಆ ಮೂರು ಉಸಿರಿನಲ್ಲಿ ಎರಡು ಪ್ರಶ್ನೆ ಕೇಳಿಕೊಳ್ಳೋಣ: ನಾನು ನಿಜವಾಗಿ ಕಂಡದ್ದು ಏನು? ನಾನು ಊಹಿಸಿದ್ದು ಏನು?

ನಮ್ಮವರಲ್ಲಿ ಪೊಲೀಸ್, ಅರಣ್ಯ, ಹೋಂಗಾರ್ಡ್ ಕೆಲಸದಲ್ಲಿರುವ ತಮ್ಮಂದಿರಿಗೂ ಹೆಣ್ಣುಮಕ್ಕಳಿಗೂ ಇದನ್ನು ಕಳಿಸಿ. ಒಪ್ಪದಿದ್ದವರು ಭಾನುವಾರದ ಸಭೆಗೆ ಬಂದು ಹೇಳಿ, ಕೇಳುತ್ತೇನೆ.

ನಮೋ ಬುದ್ಧಾಯ. ಜೈ ಭೀಮ್.